ಅತ್ತಿಗೆಗೆ ಕೇಳಿಸಿದ ಸದ್ದು

ನಾನು ಓದು ಬಿಟ್ಟದ್ದು 1993ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ. ಮನೆಯಲ್ಲಿ ಉಣ್ಣುವುದಕ್ಕೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಜಮೀನು ನೋಡಿಕೊಳ್ಳುತ್ತಿದ್ದ ಅಣ್ಣ ಹೊಗೆಸೊಪ್ಪು ಬೆಳೆಯುತ್ತಿದ್ದ, ನನ್ನ ಫೀಸು ಕಟ್ಟುವುದಕ್ಕೆ ಒಂದು ದಿನವೂ ಹಿಂದೆ ಮುಂದೆ ನೋಡಿದವನಲ್ಲ. ನನಗೇ ಕೂರಲು ಆಗಲಿಲ್ಲ. ಪಿರಿಯಾಪಟ್ಟಣದಲ್ಲಿ ಶಾಲೆಗೆ ಹೋಗುವ ದಾರಿಯಲ್ಲೊಂದು ಲಾರಿ ಶೆಡ್ಡಿತ್ತು. ಒಂದು ಬೆಳಿಗ್ಗೆ ಅಲ್ಲಿ ಇಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದರು. ನೋಡುತ್ತಾ ನಿಂತವನಿಗೆ ಗಂಟೆ ಹೊಡೆದದ್ದೇ ಕೇಳಿಸಲಿಲ್ಲ. ಮಾರನೆಯ ದಿನವೂ ಅಲ್ಲೇ ನಿಂತೆ. ಮೂರನೆಯ ದಿನ ಪುಸ್ತಕದ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದೆ.

ಅಡ್ಡ ಬಂದವರು ಒಬ್ಬರೇ, ಅತ್ತಿಗೆ. ಆ ವರ್ಷವೇ ಅಂತರಸಂತೆಯ ಕಡೆಯಿಂದ ನಮ್ಮ ಮನೆಗೆ ಮದುವೆಯಾಗಿ ಬಂದಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರು. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅವರೇ ಮೊದಲು.

"ಅತ್ತನೇ ಕ್ಲಾಸ್ ಒಂದ್ ಮುಗ್ಸು ಕಣಪ್ಪ. ಆಮೇಲೆ ಯಾವ್ ಲಾರಿ ಕೆಳಗೆ ಬೇಕಾದ್ರೂ ಮನಿಕ್ಕೋ, ನಾನ್ ಕೇಳಲ್ಲ" ಎಂದರು.

"ಓದಿ ನೀವೇನ್ ಮಾಡುದ್ರಿ ಅತ್ತಿಗೆ? ಸೊಪ್ಪು ತಾನೆ ಕಟ್ತಿರೋದು?" ಎಂದೆ.

ಹದಿಮೂರು ವರ್ಷದ ಬಾಯಿ. ಅವರು ಒಲೆಯ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಬೆಂದ ರೊಟ್ಟಿಯೊಂದನ್ನು ನನ್ನ ಮುಂದಿಟ್ಟು ಎರಡು ಮಾಡಿದರು, ನಾಲ್ಕು ಮಾಡಿದರು, ಎಂಟು, ಹದಿನಾರು. "ಇದ್ರಲ್ಲಿ ಏಳ್ ಚೂರು ದೊಡ್ಡದೋ, ಅರ್ಧ ರೊಟ್ಟಿ ದೊಡ್ಡದೋ? ಕೆಲ್ಸಕ್ಕೇ ಓಯ್ತೀನಿ ಅಂದ್ರೆ ಇದೊಂದ್ನಾದ್ರೂ ಕಲ್ತ್ಕಂಡು ಓಗು" ಎಂದರು. ಒಂದು ವಾರ ದಿನಾ ಸಂಜೆ ರೊಟ್ಟಿ ಮುರಿದು ಮುರಿದು ಭಿನ್ನರಾಶಿ ಹೇಳಿಕೊಟ್ಟರು.

ಹಳೆಯ ಲಾರಿಗಳ ನಟ್ಟುಗಳೆಲ್ಲ ಇಂಚಿನ ಲೆಕ್ಕದವು. "ಏಳು ಹದಿನಾರು ಕೊಡ್ಲಾ" ಎಂದು ಮೇಸ್ತ್ರಿ ಕೂಗಿದರೆ ನನಗಿಂತ ದೊಡ್ಡವರೂ ಸ್ಪ್ಯಾನರ್ ರಾಶಿಯಲ್ಲಿ ತಡಕಾಡುತ್ತಿದ್ದರು. ನಾನು ಅರ್ಧ ಇಂಚಿಗಿಂತ ಒಂದು ಚೂರು ಚಿಕ್ಕದನ್ನು ಎತ್ತಿ ಕೊಡುತ್ತಿದ್ದೆ. ಮೇಸ್ತ್ರಿಯ ಕಣ್ಣು ನನ್ನ ಮೇಲೆ ಬಿದ್ದದ್ದು ಅದರಿಂದ. ಅದನ್ನು ಅತ್ತಿಗೆಗೆ ಹೇಳಲಿಲ್ಲ. ನನ್ನ ಕೈಯ ಗುಣ ಎಂದೇ ನಂಬಿಕೊಂಡೆ.

ಹದಿಮೂರು ವರ್ಷ ಬೇರೆಯವರ ಶೆಡ್ಡುಗಳಲ್ಲಿ ದುಡಿದ ಮೇಲೆ ಹುಣಸೂರಿನಲ್ಲಿ ನನ್ನದೇ ಶೆಡ್ಡು ಹಾಕಿದೆ. ಮೊದಲು ತಗಡಿನದು, ನಂತರ ಸಿಮೆಂಟಿನ ಗೋಡೆಯದು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನದ ಊಟಕ್ಕೂ ಕೈ ತೊಳೆಯಲು ಪುರಸೊತ್ತು ಇರುತ್ತಿರಲಿಲ್ಲ. ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದ ಗಾಡಿ ಬರುತ್ತಿದ್ದವು. ಇಂಜಿನಿಯರಿಂಗ್ ಓದಿದವರೂ ಬಾನೆಟ್ ಎತ್ತಿ ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ನಿಂತಾಗ ಒಳಗೊಳಗೆ ನನಗೆ ಹಿತವಾಗುತ್ತಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆರು ವರ್ಷದ ಹಿಂದಿನ ಮಾತು. ಅದಕ್ಕೂ ಹಿಂದಿನ ವರ್ಷ ಸೊಪ್ಪಿಗೆ ಒಳ್ಳೆಯ ಹರಾಜು ಆಗಿ ಅಣ್ಣ ಒಂದು ಹಳೆಯ ಪೆಟ್ರೋಲ್ ಕಾರು ತೆಗೆದುಕೊಂಡಿದ್ದ, ಕಾರ್ಬೊರೇಟರ್ ಇದ್ದ ಕಾಲದ್ದು. ಐವತ್ತರ ಮೇಲೆ ಡ್ರೈವಿಂಗ್ ಕಲಿತವನು. ಸ್ಟೇರಿಂಗ್ ಹಿಡಿದರೆ ಮದುವಣಿಗನ ಹಾಗೆ ನೆಟ್ಟಗೆ ಕೂರುತ್ತಿದ್ದ. ಬಿತ್ತನೆ ಬೀಜಕ್ಕೆ, ನೆಂಟರ ಮನೆಗೆ, ಕೊನೆಗೆ ಕಟಿಂಗ್ ಮಾಡಿಸಿಕೊಳ್ಳುವುದಕ್ಕೂ ಕಾರೇ.

ಆಗಸ್ಟಿನ ಒಂದು ಬೆಳಿಗ್ಗೆ ಅಣ್ಣ, ಅತ್ತಿಗೆ ಇಬ್ಬರೂ ಕಾರಿನಲ್ಲಿ ಶೆಡ್ಡಿಗೆ ಬಂದರು.

"ಬ್ರೇಕ್ ಒಡುದ್ರೆ ಇಂಜಿನ್ ಆಫ್ ಆಯ್ತದೆ ಕಣ್ಲಾ. ನೆನ್ನೆ ಸಂತೆ ಮುಂದೆ ಮೂರ್ ಸಲ ನಿಂತೋಯ್ತು. ಇಂದ್ಗಡೆ ಇದ್ದೋರೆಲ್ಲ ಆರನ್ ಒಡ್ದೂ ಒಡ್ದೂ ನನ್ ಮಾನ ಕಳುದ್ರು" ಎಂದ ಅಣ್ಣ.

ನನಗೆ ಕಾರಣ ಆಗಲೇ ಹೊಳೆದಿತ್ತು. ಬ್ರೇಕ್ ಹೊಡೆದಾಗ ಗಾಡಿ ಮುಂದಕ್ಕೆ ತೂಗುತ್ತದೆ, ಕಾರ್ಬೊರೇಟರ್ ಒಳಗಿನ ಪೆಟ್ರೋಲ್ ಮುಂದಕ್ಕೆ ತುಳುಕುತ್ತದೆ, ಅದರ ಮಟ್ಟ ಸರಿಯಿಲ್ಲದಿದ್ದರೆ ಇಂಜಿನ್‌ಗೆ ಪೆಟ್ರೋಲ್ ಸಿಗದೆ ಉಸಿರು ಕಟ್ಟುತ್ತದೆ. ಇದು ಸುಳ್ಳು ಕಾರಣವಲ್ಲ, ಎಷ್ಟೋ ಗಾಡಿಗಳಲ್ಲಿ ನಿಜವೇ. ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಮಟ್ಟ ಸರಿ ಮಾಡಿದೆ, ಪ್ಲಗ್ಗು ಉಜ್ಜಿದೆ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ. ಮಧ್ಯಾಹ್ನವಾಯಿತು. ಬೆಂಚಿನ ಮೇಲೆ ಕುಳಿತಿದ್ದ ಅತ್ತಿಗೆ ಆಗ ಹೇಳಿದರು:

"ಓಡೋವಾಗ ಮಾತ್ರ ಅಲ್ಲ ಕಣಪ್ಪ. ಮನೆ ಮುಂದೆ ನಿಂತಿದ್ದಾಗ್ಲೂ ಬ್ರೇಕ್ ತುಳುದ್ರೆ ಆಫ್ ಆಯ್ತದೆ. ತುಳಿದ ಗಳಿಗೇಲಿ ನಿಮ್ಮಣ್ಣನ ಕಾಲ್ತಾವ ಉಸ್ ಅಂತದೆ. ನಮ್ ಬ್ಯಾರನ್ ಗ್ವಾಡೆ ಬಿರುಕು ಬುಟ್ರೆ ಗಾಳಿ ಎಳೀತದಲ್ಲ, ಅಂಗೆ. ಎಲ್ಲೋ ಕಳ್ಳಗಾಳಿ ಓಯ್ತದೆ ಕಣೋ."

ಬ್ಯಾರನ್ ಎಂದರೆ ಸೊಪ್ಪು ಹದ ಮಾಡುವ ಎತ್ತರದ ಕೋಣೆ. ಕೆಳಗೆ ಬೆಂಕಿ, ಮೇಲೆ ಸಾಲು ಸಾಲಾಗಿ ಕಡ್ಡಿಗೆ ಕಟ್ಟಿದ ಸೊಪ್ಪು. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ತಣ್ಣನೆ ಗಾಳಿ ಒಳಗೆ ನುಗ್ಗಿ ಶಾಖ ಕೆಡುತ್ತದೆ, ಸೊಪ್ಪಿನ ಬಣ್ಣ ಕೆಡುತ್ತದೆ. ಅತ್ತಿಗೆ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿಕೊಂಡು ಗೋಡೆಯ ಸುತ್ತ ನಡೆಯುವವರು. ಹೊಗೆ ಎಲ್ಲಿ ಮೇಲಕ್ಕೆ ಹೋಗದೆ ಗೋಡೆಯೊಳಕ್ಕೆ ಬಾಗುತ್ತದೋ ಅಲ್ಲಿಗೆ ಮಣ್ಣು ಮೆತ್ತುವರು. ಇಪ್ಪತ್ತೈದು ವರ್ಷ ಗಾಳಿಯ ಸದ್ದು ಕೇಳಿದ ಕಿವಿ ಅದು.

ಶೆಡ್ಡಿನಲ್ಲಿ ಆಗ ಇನ್ನಿಬ್ಬರು ಗಿರಾಕಿಗಳಿದ್ದರು. ಮಿರ್ಲೆಯ ಕಡೆಯ ಗದ್ದೆಯವರೊಬ್ಬರು ಜೀಪು ಬಿಟ್ಟು ಕುಳಿತಿದ್ದರು, ಜೊತೆಗೆ ಅವರ ನೆಂಟರು. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಅತ್ತಿಗೆ, ನೀವು ಸೊಪ್ಪು ನೋಡ್ಕಳಿ, ಇಂಜಿನ್ ನಾನ್ ನೋಡ್ಕತೀನಿ. ನಾಳೆ ನಾನ್ ಬಂದು ನಿಮ್ ಬ್ಯಾರನ್‌ಗೆ ಸ್ಪ್ಯಾನರ್ ಆಕ್ದ್ರೆ ಬುಟ್ಬುಡ್ತೀರಾ?" ಎಂದೆ.

ಮಿರ್ಲೆಯವರು ಹೊಟ್ಟೆ ಕುಲುಕಿಸಿಕೊಂಡು ನಕ್ಕರು. "ಬಲೇ ಯೋಳ್ದೆ ಮೇಸ್ತ್ರಿ" ಎಂದರು. ಅಣ್ಣನೂ ನಕ್ಕ. ಅತ್ತಿಗೆ ಕೂಡ ತುಟಿ ಅಗಲ ಮಾಡಿದರು, ಆಮೇಲೆ ಸೆರಗು ಸರಿ ಮಾಡಿಕೊಂಡು ರಸ್ತೆ ನೋಡುತ್ತಾ ಕುಳಿತರು.

ಅವರು ಹೇಳಿದ್ದು ಸರಿಯೋ ತಪ್ಪೋ ನೋಡುವುದಕ್ಕೆ ಒಂದು ನಿಮಿಷ ಸಾಕಾಗಿತ್ತು. ನಿಂತ ಗಾಡಿಯಲ್ಲಿ ಇಂಜಿನ್ ಚಾಲೂ ಇಟ್ಟು ಪೆಡಲ್ ತುಳಿಯಬೇಕಿತ್ತು, ಅಷ್ಟೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ತುಳುಕುವುದಿಲ್ಲ. ಹಾಗಿದ್ದೂ ಇಂಜಿನ್ ನಿಂತರೆ ನನ್ನ ಕಾರಣವೇ ಬಿದ್ದುಹೋಗುತ್ತಿತ್ತು. ಅಷ್ಟು ಜನ ನಕ್ಕ ಮೇಲೆ ನನ್ನ ಕಾಲು ಆ ಪೆಡಲಿನ ಹತ್ತಿರ ಹೋಗಲಿಲ್ಲ.

ಬದಲಿಗೆ ಇಂಜಿನ್‌ನ ಐಡ್ಲಿಂಗ್ ಏರಿಸಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೂ ಇಂಜಿನ್ ಎಷ್ಟು ಜೋರಾಗಿ ಓಡುತ್ತಿರಬೇಕು ಎಂಬುದಕ್ಕೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಂದೂವರೆ ಸುತ್ತು ತಿರುಗಿಸಿದರೆ ಎಂಥ ಬಡಕಲು ಇಂಜಿನ್ನೂ ನಿಲ್ಲದೆ ಹೊಡೆದುಕೊಳ್ಳುತ್ತಿರುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಇದನ್ನು ಮಾಡದವರಿಲ್ಲ. ರೋಗ ಒಳಗೇ ಇರುತ್ತದೆ, ನರಳುವುದು ಮಾತ್ರ ಕೇಳಿಸುವುದಿಲ್ಲ. ಮೈಸೂರು ರಸ್ತೆಯಲ್ಲಿ ಒಂದು ಸುತ್ತು ಹೋಗಿ ನಾಲ್ಕು ಸಲ ಬ್ರೇಕ್ ಹೊಡೆದೆ. ನಿಲ್ಲಲಿಲ್ಲ.

"ಇನ್ ನಿಂತ್ರೆ ನನ್ನ ಕೇಳು" ಎಂದು ಅಣ್ಣನಿಗೆ ಬೀಗದಕೈ ಕೊಟ್ಟೆ.

ಕಾರು ಹೊರಡುವಾಗ ಅತ್ತಿಗೆ ಕಿಟಕಿಯಿಂದ ನನ್ನನ್ನು ನೋಡಿದರು. "ಉಸ್ ಅನ್ನೋದು ಇನ್ನೂ ಅದೆ ಕಣಪ್ಪ" ಎಂದರು, ಗಿರಾಕಿಗಳಿಗೆ ಕೇಳಿಸದ ಹಾಗೆ. ನಾನು ಬಾಗಿಲನ್ನು ಒತ್ತಿ ಹಾಕಿ, "ಓಗ್ಬನ್ನಿ" ಎಂದೆ.

ಮೂರು ವಾರ ಕಾರು ಓಡಿತು. ಆಮೇಲೆ ಒಂದು ಮಧ್ಯಾಹ್ನ ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ಪಿರಿಯಾಪಟ್ಟಣದಿಂದ ಊರಿಗೆ ಹೋಗುತ್ತಿದ್ದ. ಊರಿನ ಕೆರೆ ಏರಿಯಿಂದ ರಸ್ತೆ ಇಳಿಯುವ ತಿರುವಿನಲ್ಲಿ ಸೌದೆ ತುಂಬಿದ ಟ್ರ್ಯಾಕ್ಟರ್ ಎದುರಾಯಿತು. ಬ್ರೇಕ್ ತುಳಿದ. ಇಂಜಿನ್ ನಿಂತಿತು, ಅದರ ಜೊತೆಗೆ ಪೆಡಲ್ ಕಲ್ಲಾಯಿತು. ಎರಡೂ ಕಾಲು ಕೊಟ್ಟು ತುಳಿದರೂ ಕೆಳಗೆ ಹೋಗಲಿಲ್ಲವಂತೆ. ಟ್ರ್ಯಾಕ್ಟರ್ ತಪ್ಪಿಸಲು ಎಡಕ್ಕೆ ಎಳೆದ. ಕಾರು ಕೆರೆ ಏರಿಯಿಂದ ಕೆಳಗಿಳಿದು ಹೊಂಗೆ ಮರಕ್ಕೆ ಹೋಗಿ ತಗುಲಿತು. ಅಣ್ಣನಿಗೆ ಏನೂ ಆಗಲಿಲ್ಲ. ಅತ್ತಿಗೆ ಮುಂದಕ್ಕೆ ಬೀಳುವಾಗ ಬಲಗೈ ಊರಿಕೊಂಡರು. ಮಣಿಕಟ್ಟು ಎರಡು ಕಡೆ ಮುರಿಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಮೂಳೆ ಕೂಡಿತು. ಆದರೆ ಮಣಿಕಟ್ಟು ಅರ್ಧಕ್ಕಿಂತ ಹೆಚ್ಚು ತಿರುಗಲಿಲ್ಲ, ಹೆಬ್ಬೆರಳಿಗೆ ಹಿಡಿತ ಬರಲಿಲ್ಲ. ಅತ್ತಿಗೆ ಸೊಪ್ಪು ಕಟ್ಟುವುದನ್ನು ನೋಡದವರಿಗೆ ಇದು ಏನೆಂದು ತಿಳಿಯದು. ಎರಡು ಮೂರು ಎಲೆ ಜೋಡಿಸಿ, ದಾರವನ್ನು ಮಣಿಕಟ್ಟಿನ ಒಂದೇ ತಿರುವಿಗೆ ಸುತ್ತಿ, ಕಡ್ಡಿಯ ಆ ಕಡೆ ಒಂದು ಗೊಂಚಲು ಈ ಕಡೆ ಒಂದು ಗೊಂಚಲು. ಪಕ್ಕದಲ್ಲಿ ಕುಳಿತವರು ಅರ್ಧ ಕಡ್ಡಿಗೆ ಬರುವಷ್ಟರಲ್ಲಿ ಅವರದು ಮುಗಿದು ಬದಿಗೆ ಹೋಗಿರುತ್ತಿತ್ತು. ನಮ್ಮೂರಲ್ಲಿ ಸೊಸೆ ತರುವ ಮುಂಚೆ ಜನ "ಉಡ್ಗಿ ಇವ್ರಂಗೆ ಸೊಪ್ಪು ಕಟ್ತಾಳಾ?" ಎಂದು ಕೇಳುತ್ತಿದ್ದ ಕೈ ಅದು.

ಕಾರನ್ನು ಎಳೆಸಿಕೊಂಡು ನನ್ನ ಶೆಡ್ಡಿಗೆ ತಂದೆ. ಒಂದು ಭಾನುವಾರ ಬಾಗಿಲು ಅರ್ಧ ಎಳೆದುಕೊಂಡು ಒಬ್ಬನೇ ನೋಡಿದೆ. ಮುಂದಿನ ತಗಡು ನೆಗ್ಗಿತ್ತು, ಇಂಜಿನ್‌ಗೆ ಏನೂ ಆಗಿರಲಿಲ್ಲ. ಚಾಲೂ ಮಾಡಿದೆ. ನಿಂತಲ್ಲೇ ಬ್ರೇಕ್ ತುಳಿದೆ. ಉಸ್ ಎಂದಿತು. ಇಂಜಿನ್ ಎರಡು ಸಲ ನಡುಗಿ ನಿಂತಿತು. ಅತ್ತಿಗೆ ಹೇಳಿದ ದಿನವೇ ಮಾಡಬೇಕಿದ್ದದ್ದು.

ಪೂಜೆಯ ಪಟದ ಮುಂದಿದ್ದ ಊದುಬತ್ತಿ ಒಂದು ಹಚ್ಚಿದೆ. ಇಂಜಿನ್ ಮತ್ತೆ ಚಾಲೂ ಮಾಡಿ ರೇಸ್ ಕೊಟ್ಟು ಹಿಡಿದು, ಸೀಟಿನಲ್ಲಿ ಬಗ್ಗಿ, ಪೆಡಲಿನ ಕಡ್ಡಿ ಇಂಜಿನ್ ಕಡೆಯ ತಗಡಿನ ಗೋಡೆಯೊಳಕ್ಕೆ ಹೋಗುವ ಜಾಗಕ್ಕೆ ಊದುಬತ್ತಿ ಹಿಡಿದು, ಬ್ರೇಕ್ ತುಳಿದೆ. ಮೇಲಕ್ಕೆ ಹೋಗುತ್ತಿದ್ದ ಹೊಗೆ ದಾರ ಎಳೆದ ಹಾಗೆ ಬಾಗಿ ಆ ಸಂದಿಯೊಳಕ್ಕೆ ಹೋಯಿತು.

ಆ ಗೋಡೆಯ ಆಚೆ, ಬಾನೆಟ್ಟಿನ ಕೆಳಗೆ, ಊಟದ ತಟ್ಟೆಯಷ್ಟು ಅಗಲದ ಕಪ್ಪು ಡಬ್ಬಿ ಇರುತ್ತದೆ. ಬೂಸ್ಟರ್ ಎನ್ನುತ್ತೇವೆ. ಇಂಜಿನ್ ಒಂದು ಪೈಪಿನ ಮೂಲಕ ಅದರೊಳಗಿನ ಗಾಳಿಯನ್ನು ಹೀರುತ್ತಿರುತ್ತದೆ, ಆ ಹೀರುವ ಬಲವೇ ಬ್ರೇಕ್ ತುಳಿಯುವ ಕಾಲಿಗೆ ಸಹಾಯ. ಒಳಗೆ ಒಂದು ರಬ್ಬರ್ ಪರದೆ. ಅದು ಹರಿದರೆ, ಬ್ರೇಕ್ ತುಳಿದಾಗ ಹೊರಗಿನ ಗಾಳಿ ನೇರ ಇಂಜಿನ್‌ಗೆ ನುಗ್ಗುತ್ತದೆ, ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಇಂಜಿನ್ ನಿಲ್ಲುತ್ತದೆ. ಇಂಜಿನ್ ನಿಂತರೆ ಹೀರುವುದೂ ನಿಂತು ಪೆಡಲ್ ಬಿಗಿಯುತ್ತದೆ. ಖಾತ್ರಿಗೆ ಆ ಪೈಪನ್ನು ಇಕ್ಕಳದಲ್ಲಿ ಒತ್ತಿ ಕಟ್ಟಿ ಬ್ರೇಕ್ ತುಳಿದು ನೋಡಿದೆ. ಇಂಜಿನ್ ಒಂದೇ ಸಮ ಓಡಿತು. ಡಬ್ಬಿ ಇಳಿಸಿ ಬಿಚ್ಚಿದೆ. ರಬ್ಬರ್ ಪರದೆ ಅಂಚಿನಲ್ಲಿ ನನ್ನ ಬೆರಳುದ್ದ ಸೀಳಿತ್ತು. ಸೀಳಿನ ಒಂದು ತುದಿ ಹಳೆಯದು, ಧೂಳು ಕೂತು ಬೆಳ್ಳಗಾಗಿತ್ತು. ಇನ್ನೊಂದು ತುದಿ ಹೊಸದು, ನಾನು ಐಡ್ಲಿಂಗ್ ಏರಿಸಿ ಕಳಿಸಿದ ಮೇಲೆ ಹರಿದದ್ದು.

ಕಳ್ಳಗಾಳಿ ಎಂದಿದ್ದರು ಅತ್ತಿಗೆ. ಅದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ.

ಮೈಸೂರಿನಿಂದ ಹೊಸ ಬೂಸ್ಟರ್ ತಂದು ಹಾಕಿದೆ, ಪೈಪೂ ಬದಲಿಸಿದೆ. ಇಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿದು, ಕಾಲು ಅಲ್ಲೇ ಇಟ್ಟು ಚಾಲೂ ಮಾಡಿದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯಿತು. ಐಡ್ಲಿಂಗ್ ಸ್ಕ್ರೂವನ್ನು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿದೆ.

ಇಷ್ಟರವರೆಗೆ ಮಾಡಿದ್ದು ತಪ್ಪು. ಮುಂದೆ ಮಾಡಿದ್ದಕ್ಕೆ ಬೇರೆ ಹೆಸರು ಬೇಕು.

ಆ ವಾರವೇ ಅಣ್ಣ ಬಸ್ಸಿನಲ್ಲಿ ಬಂದ. ಗಡ್ಡ ಬಿಟ್ಟಿದ್ದ. ಟೀ ತರಿಸಿದರೆ ಕುಡಿಯಲಿಲ್ಲ.

"ಏನಾಗಿತ್ಲಾ ಅದು? ದಿಟ ಯೋಳು. ನಾನ್ ತುಳ್ದಿದ್ದು ಬ್ರೇಕೇ ತಾನೇ?"

ಸೀಳಿದ ರಬ್ಬರು ಬಟ್ಟೆಯಲ್ಲಿ ಸುತ್ತಿ ಅವನು ಕುಳಿತ ಬೆಂಚಿನ ಕೆಳಗೇ ಇತ್ತು. ನಾನು ಕೈ ಒರೆಸಿಕೊಳ್ಳುತ್ತಾ ಹೇಳಿದೆ:

"ಗಾಡೀಲಿ ಏನೂ ಇರ್ಲಿಲ್ಲ ಅಣ್ಣ. ಗಾಬ್ರೀಲಿ ಕ್ಲಚ್ ತುಳ್ದಿರ್ತೀಯ. ಒಸದಾಗಿ ಕಲ್ತೋರ್ಗೆ ಆಯ್ತದೆ."

ಅವನು ತನ್ನ ಕಾಲನ್ನೇ ನೋಡಿಕೊಂಡ. "ಇರ್ಬೋದು ಕಣ. ಐವತ್ತಾದ್ಮೇಲೆ ಕಲಿಯೋಕ್ ಓದೆ ನೋಡು ನಾನು" ಎಂದ. ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಆವತ್ತಿನಿಂದ ಸ್ಟೇರಿಂಗ್ ಮುಟ್ಟಲಿಲ್ಲ. ನಾನೇ ಕಾರನ್ನು ಓಡಿಸಿಕೊಂಡು ಹೋಗಿ ಊರಲ್ಲಿ ಬಿಟ್ಟು ಬಂದೆ. ಅದರ ಮೇಲೆ ಟಾರ್ಪಾಲು ಬಿತ್ತು. ಅವನು ಯಾರ ಹತ್ತಿರ ಮಾತಾಡಿದರೂ ಕೊನೆಗೆ "ನನ್ ಕಾಲಿಂದ ಅವಳ್ ಕೈ ಓಯ್ತು" ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದ.

ಮುಂದಿನ ವರ್ಷ ಸೊಪ್ಪಿನ ಕಾಲಕ್ಕೆ ಊರಿಗೆ ಹೋದೆ. ಕಟ್ಟುವುದಕ್ಕೆ ನಾಲ್ಕು ಜನ ಆಳು ಬಂದಿದ್ದರು. ಅತ್ತಿಗೆ ಪಕ್ಕದಲ್ಲಿ ಕುಳಿತು ಎಡಗೈಯಲ್ಲಿ ಎಲೆ ಆರಿಸಿ ಅವರಿಗೆ ಕೊಡುತ್ತಿದ್ದರು. ನಾನೂ ಒಂದು ಕಡ್ಡಿ ತೆಗೆದುಕೊಂಡು ಕುಳಿತೆ. ನನ್ನ ಗೊಂಚಲು ಎತ್ತಿದರೆ ಉದುರುತ್ತಿತ್ತು.

"ಸಡ್ಲ ಆಯ್ತು. ಇನ್ನೊಂದ್ ಸುತ್ತು ಆಕು. ಇಂಜಿನ್ ಬಿಚ್ದಂಗಲ್ಲ ಇದು" ಎಂದರು. ಆಳುಗಳು ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಉಸ್ ಅನ್ನೋದು ನಿಂತೋಯ್ತಾ?"

"ನಿಂತೋಯ್ತು ಅತ್ತಿಗೆ" ಎಂದೆ.

"ಎಲ್ಲಿತ್ತು?"

"ನೀವ್ ಯೋಳಿದ್ ಕಡೆನೇ."

ಅವರು ಒಂದು ಎಲೆಯ ದಂಟನ್ನು ಒರೆಸಿ ನನ್ನ ಕಡೆ ಚಾಚಿದರು. "ನಿಮ್ಮಣ್ಣ ಮಲ್ಗಿದ್ರೂ ಕಾಲ್ ಒತ್ತಿ ನೋಡ್ಕತರೆ, ಬ್ರೇಕ್ ತುಳಿದಂಗೆ. ನಾನೇ ಯೋಳ್ಬುಡ್ತಿದ್ದೆ. ಆದ್ರೆ ಅದು ನಾನ್ ಯೋಳೋ ಮಾತಲ್ಲ ಕಣಪ್ಪ."

ಆ ದಿನವೇ ಹೇಳಬೇಕಿತ್ತು. ಅಣ್ಣ ಹತ್ತು ಮಾರು ದೂರದಲ್ಲೇ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದ. ಎದ್ದು ಎರಡು ಸಲ ಅತ್ತ ಹೋಗಿ ನೀರು ಕುಡಿದು ವಾಪಸ್ಸು ಬಂದೆ. ಆಮೇಲೆ ಹರಾಜು ಮುಗಿಯಲಿ ಎಂದುಕೊಂಡೆ, ಹಬ್ಬ ಕಳೆಯಲಿ ಎಂದುಕೊಂಡೆ. ಗಾಡಿಯ ಕೆಳಗೆ ಮಲಗಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವುದಕ್ಕೆ ನಾನು ಎಂದೂ ಬೇಸರಪಟ್ಟವನಲ್ಲ. ಈ ಒಂದು ಮಾತು ಹೇಳುವುದಕ್ಕೆ ಇನ್ನೂ ಏಳು ತಿಂಗಳು ಬೇಕಾಯಿತು.

ಯುಗಾದಿ ಕಳೆದು ಹೋದೆ, ಬಟ್ಟೆಯ ಗಂಟು ಹಿಡಿದುಕೊಂಡು. ಅಣ್ಣ ಜಗಲಿಯ ಮೇಲಿದ್ದ. ರಬ್ಬರನ್ನು ಅವನ ಮುಂದೆ ಹರಡಿ ಎಲ್ಲ ಹೇಳಿದೆ. ಐಡ್ಲಿಂಗ್ ಏರಿಸಿದ್ದು, ಅತ್ತಿಗೆ ಹೇಳಿದ್ದನ್ನು ನಗೆಗೀಡು ಮಾಡಿದ್ದು, ಕ್ಲಚ್ಚಿನ ಸುಳ್ಳು. ಅವನು ಸೀಳಿನೊಳಗೆ ಬೆರಳು ತೂರಿಸಿ ನೋಡಿದ.

"ಇವ್ಳಿಗೆ ಗೊತ್ತಾ?"

"ಗೊತ್ತು."

"ಅಂದ್ರೆ ನಂಗೊಬ್ಬನ್ಗೇ ಗೊತ್ತಿರ್ಲಿಲ್ಲ." ರಬ್ಬರನ್ನು ಕೆಳಗಿಟ್ಟು, "ಕ್ಲಚ್ಚು ಅಂದ್ಯಲ್ಲಾ. ಬ್ರೇಕ್ ಅಂತ ನನ್ ಕಾಲ್ಗೆ ಗೊತ್ತಿತ್ತು ಕಣೋ. ನೀನ್ ಯೋಳ್ದೆ ಅಂತ ನನ್ ಕಾಲ್ನೇ ನಂಬ್ನಿಲ್ಲ ನಾನು" ಎಂದ.

ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಎದ್ದು ಹೋಗಿ ಕಾರಿನ ಟಾರ್ಪಾಲು ಎಳೆದು ತೆಗೆದ. ಬ್ಯಾಟರಿ ಸತ್ತಿತ್ತು. ನಾನು ಬಾನೆಟ್‌ಗೆ ಕೈ ಹಾಕಿದೆ.

"ನೀನ್ ಬುಡು" ಎಂದ. "ಪಿರಿಯಾಪಟ್ಣದಿಂದ ಕರೆಸ್ತೀನಿ."

ಅತ್ತಿಗೆ ಒಳಗಿನಿಂದ ಬಂದು, "ಉಂಡ್ಕಂಡು ಓಗು" ಎಂದರು. ಅಕ್ಕಿ ರೊಟ್ಟಿ ಮಾಡಿದ್ದರು, ಎಡಗೈಯಲ್ಲಿ ತಟ್ಟಿದ್ದು. ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಅಣ್ಣ ನನ್ನ ಪಕ್ಕ ಕುಳಿತು ಊಟ ಮಾಡಲಿಲ್ಲ.

ಆ ವಾರದಲ್ಲೇ ಅವನು ಮತ್ತೆ ಕಾರು ಹಿಡಿದ. ಈಗಲೂ ಅದೇ ಕಾರು ಓಡಿಸುತ್ತಾನೆ. ಹುಣಸೂರಿಗೆ ಬಂದರೆ ನನ್ನ ಶೆಡ್ಡಿನ ಮುಂದೆಯೇ ಹಾದು ಹೋಗುತ್ತಾನೆ. ಒಂದು ಹಾರನ್ ಹೊಡೆಯುತ್ತಾನೆ, ನಿಲ್ಲಿಸುವುದಿಲ್ಲ. ಇಂಜಿನ್ ಸದ್ದು ಕೇಳುತ್ತೇನೆ. ಪಿರಿಯಾಪಟ್ಟಣದವನು ಚೆನ್ನಾಗಿಯೇ ಇಟ್ಟಿದ್ದಾನೆ. ಹಬ್ಬ ಹರಿದಿನಕ್ಕೆ ಹೋಗಿ ಬರುವುದಿದೆ, ಮಳೆ ಬೆಳೆಯ ಮಾತಿದೆ. ಗಾಡಿಯ ಮಾತು ನಮ್ಮಿಬ್ಬರ ನಡುವೆ ಬರುವುದಿಲ್ಲ.

ನನ್ನ ಶೆಡ್ಡಿಗೆ ಯಾರು ಬಂದು ಎಂಥ ಸದ್ದು ಕೇಳಿಸುತ್ತದೆ ಎಂದರೂ ಈಗ ಮೊದಲು ಅವರನ್ನೇ ಸೀಟಿನಲ್ಲಿ ಕೂರಿಸಿ, "ನೀವೇ ತುಳೀರಿ, ನಾನ್ ಕೇಳ್ತೀನಿ" ಎನ್ನುತ್ತೇನೆ. ಇದನ್ನು ಕಲಿತದ್ದಕ್ಕೆ ಜಂಬಪಡಲು ಆಗುವುದಿಲ್ಲ. ಕಲಿಯುವುದಕ್ಕೆ ಖರ್ಚಾದದ್ದು ನನ್ನ ಕೈಯಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಸಿಮೆಂಟ್ ಗೋಡೆಯ ಒಂದು ಶೆಡ್ಡು. ಎರಡು ಜಾಕು, ಒಂದು ಕಂಪ್ರೆಸರ್. ಸ್ಪ್ಯಾನರ್ ಸೆಟ್ಟು ಮೂರು, ಅದರಲ್ಲಿ ಇಂಚಿನದು ಒಂದು, ಈಗ ಯಾರಿಗೂ ಬೇಡದ್ದು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಎಸ್ಸೆಸ್ಸೆಲ್ಸಿ ದಾಟಿದ್ದಾಳೆ. ಮೊಳೆಗೆ ನೇತುಹಾಕಿದ ಒಂದು ಹರಿದ ರಬ್ಬರ್ ಪರದೆ. ಸ್ಪ್ಯಾನರ್ ಡಬ್ಬಿಯಲ್ಲಿ ಒಂದು ಪೊಟ್ಟಣ ಊದುಬತ್ತಿ. ನಿಲ್ಲಿಸದೆ ಹಾರನ್ ಹೊಡೆದು ಹೋಗುವ ಒಬ್ಬ ಅಣ್ಣ. ಬಲಗೈ ಅರ್ಧ ತಿರುಗುವ ಒಬ್ಬರು ಅತ್ತಿಗೆ.